ಟೇಕ್ ಎಂಬ ಪದ ಬಂದ ದಾರಿ

ಎಲ್ಲರಿಗೂ ನಮಸ್ಕಾರ. ಚಿಂತಾಮಣಿಗೆ ಕರೆದು ಇಂಗ್ಲಿಷ್ ಬಗ್ಗೆ ಮಾತಾಡಿ ಅಂದಿದ್ದೀರಿ. ನಾನು ಒಂದೇ ಒಂದು ಕ್ರಿಯಾಪದ ಹಿಡಿದುಕೊಂಡು ಬಂದಿದ್ದೇನೆ: ಟೇಕ್.

‘ಟೇಕ್, ಟುಕ್, ಟೇಕನ್’ ಅಂತ ನಾವೆಲ್ಲ ಬಾಯಿಪಾಠ ಮಾಡಿದವರೇ, ಅಲ್ವಾ? ಪಕ್ಕದಲ್ಲಿ ‘ತೆಗೆದುಕೊಳ್ಳು’ ಅಂತ ಅರ್ಥ ಬರೆದುಕೊಂಡರೆ ಪಾಠ ಮುಗಿಯಿತು. ‘ಟೇಕ್ಡ್’ ಯಾಕೆ ಆಗಲ್ಲ ಅಂತ ಒಮ್ಮೆ ಕೇಳಿದೆ. ಅದು ಹಾಗೇ, ಸುಮ್ನೆ ಕಲಿ ಅಂದರು. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ.

ಈ ಪದ ಮೊದಲು ಇಂಗ್ಲಿಷಿನದ್ದೇ ಆಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ನಿಮನ್’ ಎಂಬ ಪದವಿತ್ತು. ಅದರ ಒಡಹುಟ್ಟು ‘ನೇಮನ್’ ಜರ್ಮನ್ನರ ಬಾಯಲ್ಲಿ ಇವತ್ತಿಗೂ ಇದೆ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠದ ಮೇಲೆ ಸ್ಕ್ಯಾಂಡಿನೇವಿಯಾದ ಕಡಲಯಾನಿಗಳಾದ ವೈಕಿಂಗರು ದಾಳಿ ಮಾಡಿದರು. ಮುಂದಿನ ನೂರು ವರ್ಷಗಳಲ್ಲಿ ಹಾಗೆ ಬಂದವರಲ್ಲಿ ಎಷ್ಟೋ ಜನ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲೇ ನೆಲೆ ನಿಂತರು. ಹೊಲ ಉತ್ತರು, ಸಂಸಾರ ಹೂಡಿದರು. ಅವರ ನಾರ್ಸ್ ಭಾಷೆಯಲ್ಲಿ ತೆಗೆದುಕೊಳ್ಳುವುದಕ್ಕೆ ‘ತಕ’, ತೆಗೆದುಕೊಂಡದ್ದಕ್ಕೆ ‘ತೋಕ್’. ನಮ್ಮ ಟೇಕ್, ಟುಕ್ ಹುಟ್ಟಿದ್ದು ಅಲ್ಲಿಂದ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾವು ‘ಅಡ್ಜಸ್ಟ್’ ಪದ ತಂದುಕೊಂಡೆವು. ಆದರೆ ಅದಕ್ಕೆ ‘ಮಾಡಿದೆ’ ಅಂತ ನಮ್ಮದೇ ಬಾಲ ಹಚ್ಚಿದೆವು. ಇಂಗ್ಲಿಷಿನವರು ಟೇಕ್ ಪದವನ್ನು ಅದರ ಭೂತಕಾಲದ ಸಮೇತ ಮನೆಯೊಳಗೆ ತಂದರು. ‘ದೇ’ ಎಂಬ ಸರ್ವನಾಮ, ಎಗ್, ವಿಂಡೋ ಇವೂ ನಾರ್ಸಿನಿಂದ ಬಂದವೇ. ಒಂದೇ ಬಾವಿಯ ನೀರು ಸೇದಿದವರ ನಡುವೆ ಮಾತ್ರ ಇಷ್ಟು ಸಲಿಗೆ ಸಾಧ್ಯ ಅಂತ ನನಗೆ ಅನಿಸುತ್ತದೆ.

ಹಾಗಾದರೆ ನಿಮನ್ ಸತ್ತುಹೋಯಿತೇ? ಪೂರ್ತಿ ಇಲ್ಲ. ಮರಗಟ್ಟಿದ್ದಕ್ಕೆ ಇಂಗ್ಲಿಷಿನಲ್ಲಿ ‘ನಮ್’ ಅನ್ನುತ್ತಾರೆ. ಬರೆಯುವಾಗ ಕೊನೆಗೆ ಬಿ ಅಕ್ಷರ ಬರುತ್ತದೆ, ಅದು ಆಮೇಲೆ ಅಂಟಿಕೊಂಡದ್ದು. ಆ ಪದ ನಿಮನ್‌ನಿಂದಲೇ ಬಂದದ್ದು. ಅದರ ಮೂಲ ಅರ್ಥ ‘ಹಿಡಿಯಲ್ಪಟ್ಟದ್ದು’. ಈಗ ನಮ್ಮ ಮಾತು ನೋಡಿ. ಚಕ್ಕಳಮಕ್ಕಳ ಹಾಕಿ ತುಂಬ ಹೊತ್ತು ಕೂತರೆ ಏನಂತೀವಿ? ‘ಕಾಲು ಜೋಮು ಹಿಡಿದಿದೆ’ ಅಂತೀವಿ! ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ಚಿಂತಾಮಣಿ! ಸಂಬಂಧವೇ ಇಲ್ಲದ ಎರಡು ಭಾಷೆಗಳಿಗೆ ಒಂದೇ ಯೋಚನೆ ಬಂದಿದೆ. ಇದು ಗೊತ್ತಾದ ದಿನ ನನಗಾದ ಖುಷಿ ಇನ್ನೂ ಆರಿಲ್ಲ.

ಟೇಕ್‌ಗಿಂತ ಹಿಂದಕ್ಕೆ ಹೋದರೆ ಇನ್ನೊಂದು ಸಂಗತಿ ಸಿಗುತ್ತದೆ. ಅದೇ ಕುಲದ, ಈಗ ಯಾರೂ ಆಡದ ಗೋಥಿಕ್ ಭಾಷೆಯಲ್ಲಿ ‘ತೇಕನ್’ ಅಂದರೆ ಮುಟ್ಟುವುದು. ಮೊದಲು ಮುಟ್ಟುವುದು, ಆಮೇಲೆ ಹಿಡಿಯುವುದು, ಆಮೇಲೆ ತನ್ನದು ಮಾಡಿಕೊಳ್ಳುವುದು. ಮಗು ಆಟಿಕೆ ಎತ್ತಿಕೊಳ್ಳುವುದೂ ಹೀಗೇ ಅಲ್ವಾ?

ಅದಕ್ಕೇ ‘ತೆಗೆದುಕೊಳ್ಳು’ ಅಂತ ಒಂದೇ ಅರ್ಥ ಬರೆಸುವುದು ಸಾಲದು. ಫೋಟೋ ತೆಗೆಯುತ್ತೇವೆ. ಬಸ್ ಹಿಡಿಯುತ್ತೇವೆ. ಬೆಂಗಳೂರಿಗೆ ಎರಡು ಗಂಟೆ ‘ಹಿಡಿಯುತ್ತೆ’. ಪರೀಕ್ಷೆಯನ್ನಂತೂ ಬರೆಯುತ್ತೇವೆ. ಇವೆಲ್ಲಕ್ಕೂ ಅವರಿಗೆ ಟೇಕ್ ಒಂದೇ. ಮಕ್ಕಳಿಗೆ ಪಟ್ಟಿಗಿಂತ ಇಂಥ ವಾಕ್ಯಗಳನ್ನೇ ಜಾಸ್ತಿ ಕೊಡಿ ಅಂತ ಇಲ್ಲಿರುವ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುತ್ತೇನೆ.

ನಮ್ಮ ಮನೆಯಲ್ಲಿ ಅಜ್ಜಿ ತೆಲುಗಿನಲ್ಲಿ ‘ತೀಸ್ಕೋ’ ಅನ್ನುತ್ತಿದ್ದರು, ಬೀದಿಯಲ್ಲಿ ‘ತಗೋ’. ಈ ಸೀಮೆಯ ಎಷ್ಟೋ ಮನೆಗಳ ಕಥೆ ಇದೇ. ಆ ‘ಕೋ’, ಈ ‘ಗೋ’ ಎರಡೂ ಒಂದೇ ಬೇರಿನವು, ನಮ್ಮ ‘ಕೊಳ್ಳು’ ಇದೆಯಲ್ಲ, ಅದರವು. ಪಕ್ಕದ ಕೈವಾರದ ಸಂತ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದರು. ಆದರೂ ನಾನು ಎರಡನ್ನೂ ಬೆರೆಸಿದರೆ ತರಗತಿಯಲ್ಲಿ ನಗುತ್ತಿದ್ದರು. ಬಹಳ ದಿನ ನಾನು ಬಾಯಿ ಬಿಡಲೇ ಇಲ್ಲ.

ಟೇಕ್ ಪದ ಓದುವಾಗೆಲ್ಲ ನನಗೆ ಇಂಗ್ಲೆಂಡಿನ ಆ ಹಳ್ಳಿಗಳ ಒಂದು ಮನೆ ಕಣ್ಣ ಮುಂದೆ ಬರುತ್ತದೆ. ‘ನಿಮನ್’ ಅನ್ನುವ ಅಜ್ಜಿ, ‘ತಕ’ ಅನ್ನುವ ಸೊಸೆ ಒಂದೇ ಒಲೆಯ ಮುಂದೆ ಕೂತಿದ್ದಾರೆ. ಇಬ್ಬರೂ ರೊಟ್ಟಿ ಚಾಚುತ್ತಿದ್ದಾರೆ. ಮೊಮ್ಮಗು ಎರಡೂ ಕೈ ನೀಡಿದೆ.