ಜೀರೋ ವಿಮಾನಕ್ಕೆ ಯಾವ ಬಣ್ಣ?

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಕಾಲದ ಜಪಾನಿ ಫೈಟರ್ ವಿಮಾನಗಳ ಪುಟ್ಟ ಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುವುದು ನನ್ನ ಹವ್ಯಾಸ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ. ಜೋಡಣೆಗಿಂತ ಬಣ್ಣದ ಮಾತೇ ಜಾಸ್ತಿ ಬರುತ್ತದೆ. ಯಾಕೆಂದರೆ ಈ ವಿಮಾನಗಳ ಮೈಬಣ್ಣ ನೋಡಿದರೆ ಸಾಕು, ಯುದ್ಧ ಆಗ ಯಾರ ಕಡೆ ವಾಲಿತ್ತು ಅನ್ನುವುದು ಗೊತ್ತಾಗಿಬಿಡುತ್ತದೆ.

ಮೊದಲು ಅಳತೆ ಹೇಳಿಬಿಡುತ್ತೇನೆ. ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಮಿತ್ಸುಬಿಷಿಯ ಜೀರೋ. ವಿನ್ಯಾಸ ಮಾಡಿದವರು ಜಿರೋ ಹೊರಿಕೋಶಿ. 1939ರ ಏಪ್ರಿಲ್‌ನಲ್ಲಿ ಮೊದಲ ಸಲ ಹಾರಿತು. ಮಾರನೇ ವರ್ಷ ಜಪಾನಿನ ನೌಕಾಪಡೆ ಸೇರಿತು. ಅದರ 21ನೇ ಮಾಡೆಲ್‌ಗೆ ರೆಕ್ಕೆಯ ಈ ತುದಿಯಿಂದ ಆ ತುದಿಗೆ 12 ಮೀಟರ್. ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ಹದಿನೇಳು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ನಲವತ್ತೆಂಟರಲ್ಲಿ ಒಂದು ಪಾಲಾದರೆ ಸರಿಯಾಗಿ ಇಪ್ಪತ್ತೈದು. ಈ ಕಿಟ್‌ಗಳಲ್ಲಿ ಹೆಸರುವಾಸಿಯಾದ ಟಾಮಿಯಾ, ಹಾಸೆಗಾವಾ ಎರಡೂ ಜಪಾನಿನ ಶಿಜುಒಕಾ ಪ್ರಾಂತ್ಯದ ಕಂಪನಿಗಳು. ಟಾಮಿಯಾ 1946ರಲ್ಲಿ ಶುರುವಾದದ್ದು ಮರದ ವ್ಯಾಪಾರವಾಗಿ. ಪ್ಲಾಸ್ಟಿಕ್ ಕಿಟ್ ಬಂದದ್ದು ಆಮೇಲೆ.

ಡಬ್ಬಿ ತೆರೆದರೆ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಭಾಗಗಳು ಅಂಟಿಕೊಂಡಿರುತ್ತವೆ. ಕಟರ್‌ನಿಂದ ಬಿಡಿಸಿ, ಉಳಿದ ಮೊನೆಯನ್ನು ಉಪ್ಪುಕಾಗದದಲ್ಲಿ ಉಜ್ಜಬೇಕು. ಇಲ್ಲಿ ಒಂದು ಲೆಕ್ಕ ಸದಾ ತಲೆಯಲ್ಲಿರಬೇಕು. ಎಪ್ಪತ್ತೆರಡರ ಅಳತೆಯಲ್ಲಿ ರೆಕ್ಕೆಯ ಹಿಂದಿನ ಅಂಚು ಒಂದು ಮಿಲಿಮೀಟರ್ ದಪ್ಪ ಉಳಿದರೆ, ನಿಜವಾದ ವಿಮಾನದಲ್ಲಿ ಅದು ಏಳು ಸೆಂಟಿಮೀಟರ್ ಆದಂತೆ! ಜೀರೋ ಅಂದರೆ ಹಗುರ. ಖಾಲಿ ವಿಮಾನದ ತೂಕ ಸುಮಾರು 1,680 ಕೆ.ಜಿ. ಅಷ್ಟು ಹಗುರ ಮಾಡಲು ಪೈಲಟ್‌ನ ಹಿಂದೆ ರಕ್ಷಾಕವಚ ಇಡಲಿಲ್ಲ. ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕೂ ಇರಲಿಲ್ಲ. ಎಷ್ಟೋ ಪೈಲಟ್‌ಗಳು ಬೆಂಕಿಗೆ ಸಿಕ್ಕಿ ಸತ್ತದ್ದು ಇದರಿಂದಲೇ. ಆ ಅಂಚನ್ನು ಉಜ್ಜುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ಬಣ್ಣಕ್ಕೆ ಬರೋಣ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಹಾರಿದ ಜೀರೋಗಳಿಗೆ ಮೈತುಂಬಾ ಒಂದೇ ಬಣ್ಣ. ಎಂಜಿನ್ನಿನ ಮುಸುಕು ಮಾತ್ರ ನೀಲಿ ಕಲೆತ ಕಪ್ಪು. ಆ ಮೈಬಣ್ಣ ಯಾವುದು ಅಂತ ಮಾದರಿ ಮಾಡುವವರ ನಡುವೆ ಇಂದಿಗೂ ಜಗಳ ನಿಂತಿಲ್ಲ. ಹಳೆಯ ಕಪ್ಪು-ಬಿಳುಪು ಫೋಟೋಗಳಲ್ಲಿ ತೆಳು ಬೂದಿಯಂತೆ, ಕೆಲವೊಮ್ಮೆ ಬಿಳಿಯಂತೆಯೇ ಕಾಣುತ್ತದೆ. ಆದರೆ ಉಳಿದಿರುವ ತಗಡಿನ ಚೂರುಗಳನ್ನು ಪರೀಕ್ಷಿಸಿದವರಿಗೆ ಕಂಡದ್ದು ಹಸಿರೂ ಕಂದೂ ಬೆರೆತ ಬೂದಿ. ಹೊಸದರಲ್ಲಿ ಹೊಳಪೂ ಇತ್ತು. ಬಿಸಿಲಿಗೆ, ಸಮುದ್ರದ ಉಪ್ಪುಗಾಳಿಗೆ ಹೊಳಪು ಹೋಗಿ, ಬಣ್ಣ ಪುಡಿಯಾಗಿ ಬೆಳ್ಳಗಾಗುತ್ತಿತ್ತು. ಹಾಗಾಗಿ ನಾನು ಕಂದು ಛಾಯೆಯ ಬೂದಿಯನ್ನೇ ಹಚ್ಚುತ್ತೇನೆ. ರೆಕ್ಕೆಯ ಮೇಲ್ಭಾಗಕ್ಕೆ ಮಾತ್ರ ಒಂದೆರಡು ಹನಿ ಬಿಳಿ ಸೇರಿಸಿ ಏರ್‌ಬ್ರಷ್‌ನಿಂದ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನದಿಂದ, ತೀರಾ ತೆಳುವಾಗಿ ಹೊಡೆಯುತ್ತೇನೆ. ಬಿಸಿಲು ಬೀಳುವುದು ಅಲ್ಲೇ ಅಲ್ವಾ?

ಒಳಗಡೆ ಇನ್ನೊಂದು ಬಣ್ಣವಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಒಳಗಿನ ಲೋಹ ಕೆಡದಿರಲಿ ಅಂತ ಜಪಾನಿಯರು ನೀಲಿ-ಹಸಿರು ಬಣ್ಣದ ಪಾರದರ್ಶಕ ವಾರ್ನಿಷ್ ಬಳಿಯುತ್ತಿದ್ದರು. ಅದನ್ನು ಅವೊತಾಕೆ ಅನ್ನುತ್ತಾರೆ. ಅದರೊಳಗಿಂದ ಲೋಹ ಮಿನುಗುತ್ತಿತ್ತು. ಡಬ್ಬಿಯಲ್ಲಿ ಸಿಗುವ ಒಂದೇ ಬಣ್ಣದಲ್ಲಿ ಆ ಮಿನುಗು ಬರುವುದಿಲ್ಲ. ಮೊದಲು ಬೆಳ್ಳಿ ಬಣ್ಣ ಹೊಡೆದು ಒಂದು ರಾತ್ರಿ ಒಣಗಲು ಬಿಡಬೇಕು. ಮಾರನೇ ದಿನ ಪಾರದರ್ಶಕ ಹಸಿರಿಗೆ ಪಾರದರ್ಶಕ ನೀಲಿ ಬೆರೆಸಿ, ಥಿನ್ನರ್ ಜಾಸ್ತಿ ಹಾಕಿ, ಒಂದರ ಮೇಲೊಂದು ತೆಳು ಪದರ ಕೊಡಬೇಕು. ಮೊದಲ ಪದರದಲ್ಲಿ ಏನೂ ಕಾಣುವುದಿಲ್ಲ. ಎರಡು ಮೂರಾದ ಮೇಲೆ ಬೆಳ್ಳಿ ತಣ್ಣಗೆ ಹಸಿರಾಗುತ್ತದೆ. ಮೂಲೆಗಳಲ್ಲಿ ಬಣ್ಣ ನಿಂತು ನೀಲಿ ಗಾಢವಾಗುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಇನ್ನೊಂದು ಪದರ ಬಿತ್ತೋ, ಲೋಹ ಸತ್ತುಹೋಗುತ್ತದೆ.

1942ರ ಕೊನೆಯ ಹೊತ್ತಿಗೆ ಗಾಳಿ ತಿರುಗಿತ್ತು. ದಾಳಿಗೆ ಹೋಗುತ್ತಿದ್ದ ವಿಮಾನಗಳು ಈಗ ತಮ್ಮ ನೆಲೆಗಳಲ್ಲೇ ಬಾಂಬಿಗೆ ಸಿಕ್ಕುತ್ತಿದ್ದವು. ಮೇಲಿನಿಂದ ನೋಡಿದರೆ ಕಾಡಿನ ಪಕ್ಕ ಆ ತೆಳು ಬೂದಿ ಎದ್ದು ಕಾಣುತ್ತದೆ. ಅದಕ್ಕೇ ದಕ್ಷಿಣ ಪೆಸಿಫಿಕ್‌ನ ರಬೌಲ್‌ನಂತಹ ನೆಲೆಗಳಲ್ಲಿ ಬೂದಿಯ ಮೇಲೆ ಹಸಿರು ಬಳಿದರು. ಕೈಗೆ ಸಿಕ್ಕಿದ್ದರಲ್ಲಿ ಬಳಿದ, ಅಲ್ಲಲ್ಲಿ ತೇಪೆಯಂಥ ಹಸಿರು. 1943ರಿಂದ ಕಾರ್ಖಾನೆಯಲ್ಲೇ ಮೇಲ್ಭಾಗಕ್ಕೆ ಕಡುಹಸಿರು ಬರತೊಡಗಿತು. ಆ ಹಸಿರೂ ಒಂದೇ ಅಲ್ಲ. ಜೀರೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಯಾರಿಸಿದ್ದು ನಕಾಜಿಮಾ ಕಂಪನಿ. ಅವರ ಹಸಿರು ಬೇರೆ, ಮಿತ್ಸುಬಿಷಿಯ ಹಸಿರು ಬೇರೆ. ಬಣ್ಣದ ಅಂಗಡಿಯಲ್ಲಿ ಎರಡಕ್ಕೂ ಬೇರೆ ಬೇರೆ ಬಾಟಲಿ. ಜಪಾನಿನ ಗುರುತಾಗಿ ವಿಮಾನದ ಮೇಲಿದ್ದ ಕೆಂಪು ಸೂರ್ಯನ ಸುತ್ತ ಮೊದಲು ಬಿಳಿ ಅಂಚು ಕೊಟ್ಟರು. ಆಮೇಲೆ ಅದೇ ಗುರಿಯಾಗುತ್ತದೆ ಅಂತ ಆ ಅಂಚನ್ನೂ ಬಣ್ಣ ಬಳಿದು ಮುಚ್ಚಿದರು.

ಭೂಸೇನೆಯ ವಿಮಾನಗಳ ಕಥೆ ಬೇರೆ. ಅವರ ಹಯಬುಸಾ, ಅಂದರೆ ಕಿ-43, ನಮ್ಮ ಆಕಾಶಕ್ಕೂ ಬಂದಿತ್ತು. 1943ರ ಡಿಸೆಂಬರ್ 5ರಂದು ಕಲ್ಕತ್ತಾ ಮೇಲೆ ಬಾಂಬ್ ಹಾಕಲು ಬಂದ ವಿಮಾನಗಳ ಕಾವಲಿಗೆ ಇದ್ದ ಫೈಟರ್‌ಗಳಲ್ಲಿ ಇದೂ ಇತ್ತು. ಅದೇ ವರ್ಷಗಳಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧವಿಮಾನಗಳ ರಿಪೇರಿ ನಡೆಯುತ್ತಿತ್ತು. ಹಯಬುಸಾದ ಕಿಟ್ ಮಾಡುವಾಗ ಅಂದು ಕಲ್ಕತ್ತಾದಲ್ಲಿ ಕೆಳಗಿದ್ದ ಜನರನ್ನೂ ನೆನೆಯುತ್ತೇನೆ. ವಿಮಾನದ ಚಂದ ಬೇರೆ, ಅದು ಮಾಡಿದ ಕೆಲಸ ಬೇರೆ. ಎರಡೂ ಗೊತ್ತಿರಬೇಕು.

ಈ ಭೂಸೇನೆಯ ವಿಮಾನಗಳಿಗೆ ಎಷ್ಟೋ ಸಲ ಪ್ರೈಮರ್, ಅಂದರೆ ಬಣ್ಣ ಕಚ್ಚಿಕೊಳ್ಳಲೆಂದು ಮೊದಲು ಬಳಿಯುವ ಪದರ, ಇಲ್ಲದೆ ಬರಿಯ ಲೋಹದ ಮೇಲೆಯೇ ಹಸಿರು ಹೊಡೆಯುತ್ತಿದ್ದರು. ಅದು ನಿಲ್ಲುತ್ತಿರಲಿಲ್ಲ. 1944ರ ಏಪ್ರಿಲ್‌ನಲ್ಲಿ ನ್ಯೂಗಿನಿಯ ಹೊಲಾಂಡಿಯಾ ಅಮೆರಿಕನ್ನರ ಕೈಗೆ ಬಂದಾಗ ತೆಗೆದ ಫೋಟೋ ನೋಡಿ. ಬಣ್ಣ ಹಾಳೆಹಾಳೆಯಾಗಿ ಎದ್ದು ಹೋಗಿದೆ. ಇದನ್ನು ಮಾದರಿಯಲ್ಲಿ ತೋರಿಸಲು ಅಡುಗೆಮನೆಯ ಉಪ್ಪು ಸಾಕು. ಬೆಳ್ಳಿ ಬಣ್ಣ ಚೆನ್ನಾಗಿ ಒಣಗಿದ ಮೇಲೆ, ಸುಲಿದಂತೆ ಕಾಣಬೇಕಾದ ಕಡೆ ನೀರು ಸವರಿ ಉಪ್ಪಿನ ಕಾಳು ಉದುರಿಸಿ. ನೀರು ಆರಿ ಕಾಳು ಕಚ್ಚಿಕೊಂಡಾಗ ಮೇಲೆ ಹಸಿರು ಹೊಡೆಯಿರಿ. ಒಣಗಿದ ಮೇಲೆ ಗಟ್ಟಿ ಬ್ರಷ್‌ನಿಂದ ಉಜ್ಜಿದರೆ ಕಾಳು ಉದುರಿ, ಆ ಜಾಗದಲ್ಲಿ ಲೋಹ ಇಣುಕುತ್ತದೆ. ಎಲ್ಲಾ ಜಪಾನಿ ವಿಮಾನಕ್ಕೂ ಹೀಗೆ ಮಾಡುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ನೌಕಾಪಡೆಯ ಜೀರೋಗೆ ಪ್ರೈಮರ್ ಇರುತ್ತಿತ್ತು. ಬಣ್ಣ ಮಾಸುತ್ತಿತ್ತು, ಆದರೆ ಇಷ್ಟು ಸುಲಿಯುತ್ತಿರಲಿಲ್ಲ.

ಶುರು ಮಾಡುವ ಆಸೆ ಇದ್ದವರಿಗೆ ಒಂದು ಮಾತು. ಎಪ್ಪತ್ತೆರಡರ ಅಳತೆಯ 21ನೇ ಮಾಡೆಲ್ ಜೀರೋ ತೆಗೆದುಕೊಳ್ಳಿ. ಹೊರಮೈಗೆ ಮುಖ್ಯವಾಗಿ ಎರಡೇ ಬಣ್ಣ. ಏರ್‌ಬ್ರಷ್ ಬೇಕಾಗಿಲ್ಲ, ಅಗಲವಾದ ಮೆತ್ತನೆ ಬ್ರಷ್ ಸಾಕು. ಬಣ್ಣ ತೆಳು ಮಾಡಿಕೊಳ್ಳಿ. ಒಂದು ಪದರ ಪೂರ್ತಿ ಒಣಗದೆ ಮುಂದಿನದು ಬೇಡ. ಹಸಿರಿನ ವಿಮಾನಗಳು ಆಮೇಲೆ ಇದ್ದೇ ಇವೆ.

ನಮಸ್ಕಾರ.