ಏರದ ಪ್ಲೇಟ್‌ಲೆಟ್, ಮುರಿಯುವ ವರ್ಣತಂತು

ಎಲ್ಲರಿಗೂ ನಮಸ್ಕಾರ. ಇಂದಿನ ಮಾತು ಫ್ಯಾಂಕೋನಿ ರಕ್ತಹೀನತೆ ಎಂಬ ಆನುವಂಶಿಕ ಕಾಯಿಲೆಗೆ ಮೀಸಲು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಜ್ವರದ ಮಗುವಿಗೆ ಪ್ಲೇಟ್‌ಲೆಟ್ ಇಳಿದಿದ್ದರೆ ಮೊದಲು ನೆನಪಾಗುವುದು ಡೆಂಗಿ, ಆಮೇಲೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಕಾಯಿಲೆಯನ್ನು ಮಲೆನಾಡಿನ ವೈದ್ಯರು ಮರೆಯುವಂತಿಲ್ಲ. ಆದರೆ ಈ ಎರಡರಲ್ಲೂ ಮಗು ಚೇತರಿಸಿಕೊಂಡಂತೆ ಪ್ಲೇಟ್‌ಲೆಟ್ ಏರುತ್ತದೆ. ತಿಂಗಳುಗಟ್ಟಲೆ ಏರದೆ, ಬಿಳಿಕಣವೂ ಹಿಮೋಗ್ಲೋಬಿನ್ನೂ ಜೊತೆಗೆ ಇಳಿಯುತ್ತಾ, ಬಿ12 ಸರಿಯಿದ್ದರೂ ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) ವಯಸ್ಸಿಗೆ ಮೀರಿ ಹೆಚ್ಚಿದ್ದರೆ ರಕ್ತಕಣ ತಯಾರಿಸುವ ಅಸ್ಥಿಮಜ್ಜೆಯನ್ನೇ ಅನುಮಾನಿಸಬೇಕು. ಆಗ ಮಗುವಿನ ಹೆಬ್ಬೆರಳಿನ ಆಕಾರ ಸರಿಯಿದೆಯೇ ನೋಡಿ, ಎತ್ತರ ಅಳೆಯಿರಿ, ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆಗಳಿವೆಯೇ ಹುಡುಕಿ, ಮೂತ್ರಪಿಂಡಕ್ಕೆ ಸ್ಕ್ಯಾನ್ ಮಾಡಿಸಿ. ಹೊರಗುರುತು ಒಂದೂ ಇಲ್ಲದ ಮಕ್ಕಳೂ ಇರುತ್ತಾರೆ. ಅವರೇ ಹೆಚ್ಚಾಗಿ ಕೈತಪ್ಪಿ ಹೋಗುವವರು.

ಆನುವಂಶಿಕ ಮಜ್ಜೆ ವೈಫಲ್ಯಗಳಲ್ಲಿ ಹಲವು ಬಗೆಯಿವೆ. ಡಿಸ್ಕೆರಟೋಸಿಸ್ ಕಂಜೆನಿಟಾದಲ್ಲಿ ವರ್ಣತಂತುವಿನ ತುದಿಯ ಟೆಲೊಮಿಯರ್ ಸವೆಯುತ್ತದೆ. ಡೈಮಂಡ್-ಬ್ಲ್ಯಾಕ್‌ಫ್ಯಾನ್‌ನಲ್ಲಿ ಸಾಮಾನ್ಯವಾಗಿ ರೈಬೋಸೋಮ್ ಕಟ್ಟುವ ಕೆಲಸ ಕೆಡುತ್ತದೆ. ನಮ್ಮ ವಿಷಯವಾದ ಫ್ಯಾಂಕೋನಿ ರಕ್ತಹೀನತೆಯೂ ಇವುಗಳಲ್ಲೊಂದು. ಇಲ್ಲಿ ರೋಗದ ಹೆಸರು ತಡವಾಗಿ ತಿಳಿದರೆ ಚಿಕಿತ್ಸೆಯೇ ಮಗುವಿನ ಜೀವ ತೆಗೆಯಬಹುದು.

1927ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೊ ಫ್ಯಾಂಕೋನಿ ಮೂವರು ಸಹೋದರರಲ್ಲಿ ಇದನ್ನು ವಿವರಿಸಿದರು. ಈಗ ಇಪ್ಪತ್ತಕ್ಕೂ ಹೆಚ್ಚು ಜೀನುಗಳು ಗೊತ್ತಿವೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕೆಟ್ಟಿರುವುದು ಫ್ಯಾಂಕ್-ಎ ಎಂಬ ಜೀನು. ಈ ಜೀನುಗಳ ಪ್ರೋಟೀನುಗಳೆಲ್ಲ ಸೇರಿ ಮಾಡುವ ಕೆಲಸ ಒಂದೇ: ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ಬೆಸೆದುಕೊಂಡರೆ ಬಿಡಿಸುವುದು. ಆಗುಂಬೆ ಘಾಟಿಯಲ್ಲಿ ಅಡ್ಡ ಬಿದ್ದ ಮರದಂತೆ ಈ ಬೆಸುಗೆ ಡಿಎನ್‌ಎ ನಕಲನ್ನು ತಡೆದು ನಿಲ್ಲಿಸುತ್ತದೆ. ಎರಡೂ ಬದಿ ಕೊಯ್ಯದೆ ದಾರಿ ತೆರೆಯುವುದಿಲ್ಲ. ಮೊದಲು ಫ್ಯಾಂಕ್ ಗುಂಪಿನ ಎ, ಬಿ, ಸಿ, ಇ, ಎಫ್, ಜಿ, ಎಲ್ ಮೊದಲಾದ ಪ್ರೋಟೀನುಗಳು ಕೋರ್ ಕಾಂಪ್ಲೆಕ್ಸ್ ಎಂಬ ಒಂದು ಕೂಟವಾಗಿ ಕೂಡುತ್ತವೆ. ಅವುಗಳಲ್ಲಿ ಫ್ಯಾಂಕ್-ಎಲ್ ಎಂಬುದು ಡಿ2 ಮತ್ತು ಐ ಎಂಬ ಪ್ರೋಟೀನ್ ಜೋಡಿಗೆ ಒಂದೊಂದು ಯುಬಿಕ್ವಿಟಿನ್ (ಗುರುತಿನಂತೆ ಕೆಲಸ ಮಾಡುವ ಪುಟ್ಟ ಪ್ರೋಟೀನ್) ಅಂಟಿಸುತ್ತದೆ. ಆ ಗುರುತು ಬಿದ್ದ ಮೇಲೆ ಎಕ್ಸ್‌ಪಿಎಫ್‌ನಂಥ ಕಿಣ್ವಗಳು ಒಂದು ಎಳೆಯನ್ನು ಬೆಸುಗೆಯ ಎರಡೂ ಬದಿ ಕತ್ತರಿಸುತ್ತವೆ. ತುಂಡಾದ ಎಳೆಯನ್ನು ಬಿಆರ್‌ಸಿಎ2 ಮತ್ತು ಜೊತೆಗಾರರು ಸರಿಯಾದ ಪ್ರತಿ ನೋಡಿಕೊಂಡು ಜೋಡಿಸುತ್ತಾರೆ.

ಹೊರಗಿನ ವಿಷ ತಾಗದಿದ್ದರೂ ಮಜ್ಜೆ ಬತ್ತುವುದೇಕೆ? ನಮ್ಮ ದೇಹವೇ ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್ ತಯಾರಿಸುತ್ತದೆ, ಅವೇ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಎಲ್ಲ ರಕ್ತಕಣಗಳಿಗೂ ಮೂಲವಾದ ಕಾಂಡಕೋಶದಲ್ಲಿ ರಿಪೇರಿಯಾಗದ ಪೆಟ್ಟುಗಳು ಕೂಡಿದಾಗ ಪಿ53 ಎಂಬ ಕಾವಲು ಪ್ರೋಟೀನ್ ಆ ಕೋಶದ ವಿಭಜನೆ ನಿಲ್ಲಿಸುತ್ತದೆ ಅಥವಾ ಅದನ್ನು ಸಾಯಿಸುತ್ತದೆ. ಹೀಗೆ ಸಂಗ್ರಹ ಕರಗುತ್ತಾ ಹೋಗುತ್ತದೆ.

ಇನ್ನು ರೋಗ ಪತ್ತೆಯ ವರ್ಣತಂತು ಮುರಿತದ ಪರೀಕ್ಷೆ. ಲ್ಯಾಬಿನವರು ದಯವಿಟ್ಟು ಗಮನಿಸಿ: ರಕ್ತಕಣ ಎಣಿಸುವ ಸಿಬಿಸಿಗೆ ಬಳಸುವ ನೇರಳೆ ಮುಚ್ಚಳದ ಟ್ಯೂಬ್ ಬೇಡ, ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬೇ ಬೇಕು, ಏಕೆಂದರೆ ಕೋಶಗಳು ಬದುಕಿದ್ದು ವಿಭಜನೆಯಾಗಬೇಕು. ಸಾಧ್ಯವಾದರೆ ಮಗುವಿಗೆ ಬೇರೆಯವರ ರಕ್ತ ಏರಿಸುವ ಮೊದಲೇ ಮಾದರಿ ತೆಗೆಯಿರಿ. ಬಿಳಿಕಣ ತೀರಾ ಕಡಿಮೆಯಿದ್ದರೆ ಹೆಚ್ಚು ರಕ್ತ ಬೇಕು, ಇಲ್ಲವಾದರೆ ಕಲ್ಚರ್ ಬೆಳೆಯುವುದಿಲ್ಲ. ಐಸ್ ಬೇಡ. ಬೆಂಗಳೂರಿಗೋ ಮಣಿಪಾಲಕ್ಕೋ ಕಳಿಸುವುದಾದರೆ ಒಂದು ದಿನದೊಳಗೆ ಮುಟ್ಟುವಂತೆ ವಾರದ ಆರಂಭದಲ್ಲೇ ಕಳಿಸಿ. ಆರೋಗ್ಯವಂತರೊಬ್ಬರ ರಕ್ತವೂ ಜೊತೆಗೆ ಹೋಗಲಿ. ದಾರಿಯಲ್ಲಿ ಕೆಟ್ಟಿದ್ದರೆ ಅದರಿಂದ ತಿಳಿಯುತ್ತದೆ. ಅಲ್ಲಿ ಪಿಎಚ್‌ಎ (ಕೋಶಗಳನ್ನು ವಿಭಜನೆಗೆ ಪ್ರಚೋದಿಸುವ ವಸ್ತು) ಹಾಕಿ ಲಿಂಫೋಸೈಟ್ ಎಂಬ ಬಿಳಿಕಣಗಳನ್ನು ಮೂರು-ನಾಲ್ಕು ದಿನ ಬೆಳೆಸಿ, ಪ್ರತಿ ಮಿಲಿಲೀಟರಿಗೆ 0.1 ಮೈಕ್ರೋಗ್ರಾಂ ಡಿಇಬಿ (ಡಿಎನ್‌ಎ ಎಳೆಗಳನ್ನು ಬೆಸೆಯುವ ರಾಸಾಯನಿಕ) ಕೊಡುತ್ತಾರೆ. ಡಿಇಬಿ ನೀರಿನಲ್ಲಿ ಬಲ ಕಳೆದುಕೊಳ್ಳುವುದರಿಂದ ಅಂದಂದೇ ಕಲಸಬೇಕು. ಹಳತಾದರೆ ರೋಗಿಯ ರಕ್ತವೂ ಸರಿಯಿದ್ದಂತೆ ಕಾಣುತ್ತದೆ. ಫ್ಯಾಂಕೋನಿಯಾಗಿದ್ದರೆ ವರ್ಣತಂತುಗಳು ಮುರಿದು, ಒಂದರ ತುಂಡಿಗೆ ಇನ್ನೊಂದು ಅಂಟಿಕೊಂಡು ರೇಡಿಯಲ್ ಆಕೃತಿಗಳಾಗುತ್ತವೆ. ಕೆಲವು ಮಕ್ಕಳಲ್ಲಿ ಒಂದು ರಕ್ತಕೋಶದ ಜೀನು ತಾನಾಗಿ ಸರಿಹೋಗಿ ಅದರ ಸಂತಾನವೇ ಹರಡಿರುತ್ತದೆ. ಅವರಲ್ಲಿ ರಕ್ತದ ವರದಿಯನ್ನು ನಂಬಿ ಕೂರದೆ ಚರ್ಮದ ಕೋಶ ಬೆಳೆಸಿ ನೋಡಬೇಕು. ಜೀನ್ ಪರೀಕ್ಷೆಗೂ ಒಂದು ಮಾತು: ಫ್ಯಾಂಕ್-ಎಯಲ್ಲಿ ದೊಡ್ಡ ತುಂಡೇ ಕಳೆದುಹೋಗಿರುವುದುಂಟು, ಅದನ್ನು ಹಿಡಿಯುವ ಎಂಎಲ್‌ಪಿಎ ಪರೀಕ್ಷೆ ಕೇಳಿ.

ಡಿಇಬಿ ಟ್ಯೂಬಿನಲ್ಲಿ ಮಾಡುವುದನ್ನೇ ಕಸಿಗೆ ಮೊದಲು ಕೊಡುವ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿ ದೇಹದಲ್ಲಿ ಮಾಡುತ್ತದೆ. ಸಾಮಾನ್ಯ ಅಪ್ಲಾಸ್ಟಿಕ್ ಅನೀಮಿಯಾ (ಆನುವಂಶಿಕವಲ್ಲದ ಮಜ್ಜೆ ವೈಫಲ್ಯ) ಎಂದುಕೊಂಡು ಮಜ್ಜೆ ಕಸಿಗೆ ಮೊದಲು ಕಿಲೋಗೆ ಒಟ್ಟು 200 ಮಿಲಿಗ್ರಾಂ ಕೊಟ್ಟರೆ ಈ ಮಗುವಿನ ಕರುಳು, ಬಾಯಿ, ಚರ್ಮ ತಡೆಯಲಾರವು. 1980ರ ದಶಕದಲ್ಲಿ ಪ್ಯಾರಿಸ್‌ನ ಎಲಿಯಾನ್ ಗ್ಲುಕ್‌ಮನ್ ಪ್ರಮಾಣ ಬಹಳ ತಗ್ಗಿಸಿದ ಮೇಲೆ ಮಕ್ಕಳು ಕಸಿಯಿಂದ ಉಳಿಯತೊಡಗಿದರು. 1988ರಲ್ಲಿ ಜಗತ್ತಿನ ಮೊದಲ ಹೊಕ್ಕುಳಬಳ್ಳಿ ರಕ್ತದ ಕಸಿ ನಡೆದದ್ದೂ ಫ್ಯಾಂಕೋನಿ ಮಗುವಿಗೇ. ದಾನಿಯಾಗುವ ಅಣ್ಣನೋ ತಂಗಿಯೋ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಡಿಇಬಿ ಪರೀಕ್ಷೆ ಆಗದೆ ಮಜ್ಜೆ ತೆಗೆಯಬಾರದು.

ಕಸಿ ರಕ್ತವನ್ನು ಸರಿಮಾಡುತ್ತದೆ, ಬಾಯಿಯನ್ನಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಇವರಿಗೆ ಇತರರಿಗಿಂತ ನೂರಾರು ಪಟ್ಟು. ಅಡಿಕೆ ತೋಟದ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಲೇಬೇಕು: ತಂಬಾಕು ಸೇರದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ. ಈ ಮಗುವಿಗೆ ಒಂದು ಹೋಳೂ ಬೇಡ, ಹಬ್ಬದ ತಾಂಬೂಲದಲ್ಲೂ ಬೇಡ. ಹತ್ತು ವರ್ಷದಿಂದ ಆರು ತಿಂಗಳಿಗೊಮ್ಮೆ ಬಾಯಿ ತೋರಿಸಲಿ, ಎಚ್‌ಪಿವಿ ಲಸಿಕೆ ಹಾಕಿಸಲಿ.

ಸೋದರಮಾವ, ಅತ್ತೆ ಮಗ ಎಂದು ಸಂಬಂಧದೊಳಗೆ ಮದುವೆಯಾದವರಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಜೀನಿನ ದೋಷ ಯಾವುದೆಂದು ಮೊದಲೇ ಗೊತ್ತಿದ್ದರೆ ಮುಂದಿನ ಬಸಿರಿನಲ್ಲಿ ಹನ್ನೊಂದನೇ ವಾರದ ಸುಮಾರಿಗೆ ಕೋರಿಯಾನಿಕ್ ವಿಲ್ಲಸ್ (ಮಾಸಿನ ಸಣ್ಣ ತುಣುಕು) ಮಾದರಿ ತೆಗೆದು ನೋಡಬಹುದು. ಆದ್ದರಿಂದ ಆ ವರದಿಯ ಒಂದು ಪ್ರತಿ ತಾಯಿ ಕಾರ್ಡಿನ ಜೊತೆಗೇ ಇರಲಿ.