ಮಳೆಗಾಲದ ಕಳಸ: ಹೆಬ್ಬಾಳೆ ಸೇತುವೆ ಮೇಲೆ ಭದ್ರೆ

ನಮಸ್ಕಾರ, ಚಿಕ್ಕಮಗಳೂರು ಜಿಲ್ಲೆಯ ಕಳಸಕ್ಕೆ ಬಂದಿದ್ದೇವೆ. ಬಸ್ ಸ್ಟ್ಯಾಂಡ್, ಪೇಟೆ, ಕಳಸೇಶ್ವರನ ಮೆಟ್ಟಿಲು, ಎಲ್ಲ ನೋಡುತ್ತಿದ್ದೀರಲ್ಲ. ಸುತ್ತ ಬೆಟ್ಟ, ನಡುವೆ ಊರು, ಪಕ್ಕದಲ್ಲೇ ಭದ್ರಾ ಹೊಳೆ. ಮೊದಲು ಇದು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ಕಳಸವೇ ತಾಲ್ಲೂಕು. ಒಂದು ಕಾಗದಕ್ಕೂ ಘಾಟಿ ರಸ್ತೆಯಲ್ಲಿ ಮೂಡಿಗೆರೆವರೆಗೆ ಹೋಗಿ ಬರಬೇಕಿತ್ತು ಅಂದರೆ ಕಷ್ಟ ಅಲ್ವಾ?

ಹೊರನಾಡಿಗೆ ಹೊರಟಿದ್ದೆ. ಇಲ್ಲಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ಆದರೆ ನೋಡಿ, ಹೆಬ್ಬಾಳೆ ಸೇತುವೆ. ಆ ಕೆಂಪು ನೀರಿನ ಅಡಿಯಲ್ಲಿದೆ! ಕುದುರೆಮುಖದ ಕಡೆ ಮಳೆ ಜೋರಾದರೆ ಸಾಕು, ಇಲ್ಲಿ ಹೊಳೆ ಏರುತ್ತದೆ. ಸೇತುವೆ ತೀರಾ ತಗ್ಗು. ಮಳೆಗಾಲ ಬಂದರೆ ಮುಳುಗುವುದು, ರಸ್ತೆ ಬಂದ್ ಆಗುವುದು, ಇದೇ ಕತೆ. ನನಗೆ ನಿಜಕ್ಕೂ ಸಿಟ್ಟು ಬರುತ್ತಿದೆ. ನಾವು ಪ್ರವಾಸಿಗರು, ನಾಳೆ ಹೋದರೂ ಆಯಿತು. ಆಚೆ ದಡದಿಂದ ಶಾಲೆಗೆ ಬರುವ ಮಕ್ಕಳು? ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಟ ಬಸುರಿ ಹೆಂಗಸು? ಹಳುವಳ್ಳಿ ಕಡೆಯಿಂದ ಸುತ್ತು ಹಾಕಿ ಬನ್ನಿ ಅನ್ನುತ್ತಾರೆ. ಆ ರಸ್ತೆಯಲ್ಲಿ ಮರ ಬಿದ್ದರೆ? ಇಲ್ಲಿ ಎತ್ತರದ ಸೇತುವೆ ಬೇಕೇ ಬೇಕು. ಇದರಲ್ಲಿ ಎರಡು ಮಾತಿಲ್ಲ.

ಟೀ ಅಂಗಡಿಗೆ ಬಂದೆವು. ಇವರ ಮಾತು ಕೇಳಿಸಿತಾ? "ನಿಮ್ಮಲ್ಲಿ ಎಷ್ಟು ಇಂಚು ಭಟ್ರೇ?" "ಆರು ಆಯ್ತು ಮಾರಾಯ್ರೆ." ಮಳೆ ಲೆಕ್ಕ ಅದು. ತೋಟದ ಮನೆಗಳಲ್ಲಿ ಅಳತೆ ಗಾಜು ಇಟ್ಟು ಬೆಳಗ್ಗೆ ಬೆಳಗ್ಗೆ ನೋಡಿ ಬರೆದಿಡುತ್ತಾರೆ. ಆರು ಇಂಚು ಅಂದರೆ ನೂರೈವತ್ತು ಮಿಲಿಮೀಟರ್ ಮೇಲಾಯಿತು, ಒಂದೇ ದಿನಕ್ಕೆ.

ಆ ಭಟ್ಟರ ಅಂಗಿ ತೋಳು ನೋಡಿ, ನೀಲಿ ಕಲೆ. ಅಡಿಕೆಗೆ ಔಷಧಿ ಹೊಡೆದದ್ದು. ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು. ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಇದೇ ಮದ್ದು. ಮಳೆ ಸ್ವಲ್ಪ ಹೊಳವಾದಾಗಲೇ ಹೊಡೆಯಬೇಕು, ಆಗಲೇ ಮರ ಹತ್ತುವ ಕೊನೆಗಾರರೂ ಸಿಗಬೇಕು. ಈಗ ಅದರ ಜೊತೆ ಎಲೆಚುಕ್ಕಿ ರೋಗ ಬೇರೆ. ಅಲ್ಲಿ, ಆ ಗುಡ್ಡದ ಬದಿ, ಅಡಿಕೆ ಮರದ ಹೆಡೆಯೆಲ್ಲ ಹಳದಿಯಾಗಿ ಸುಟ್ಟ ಹಾಗೆ ಕಾಣುತ್ತಿದೆಯಲ್ಲ, ಅದೇ. ಹತ್ತಿರದಿಂದ ನೋಡಿದರೆ ಗರಿ ತುಂಬ ಕಂದು ಚುಕ್ಕಿ. ಹಸಿರು ಹಸಿರು ಅಂತ ನಾವು ಫೋಟೋ ಹೊಡೆಯುತ್ತೇವೆ, ತೋಟದವರ ಕಣ್ಣಿಗೆ ಬೀಳುವುದು ಆ ಹಳದಿ. ಅಡಿಕೆಗೆ ರೇಟಿದ್ದರೂ ಮರದಲ್ಲಿ ಫಸಲೇ ಇಲ್ಲದಿದ್ದರೆ ಏನು ಮಾಡುತ್ತಾರೆ ಹೇಳಿ.

ಮಳೆಗಾಲದಲ್ಲಿ ಈ ಕಡೆ ಬರಲೇಬೇಡಿ ಅಂತ ಹೇಳುವವನಿದ್ದೆ. ಆದರೆ ಈ ಬಿಸಿ ಕಡುಬು, ಕಳಲೆ ಪಲ್ಯ ತಿಂದ ಮೇಲೆ ಹಾಗೆ ಹೇಳಲು ಬಾಯಿ ಬರುತ್ತಿಲ್ಲ. ಬನ್ನಿ. ಎರಡು ದಿನ ಜಾಸ್ತಿ ಇಟ್ಟುಕೊಂಡೇ ಬನ್ನಿ. ಸೇತುವೆ ಮೇಲೆ ನೀರಿದ್ದರೆ ಮಾತ್ರ ದಮ್ಮಯ್ಯ ಅಂತೀನಿ, ಗಾಡಿ ಇಳಿಸಬೇಡಿ. ಕಳಸದ ಹತ್ತಿರದ ಅಂಬಾತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಅನ್ನುವ ದೊಡ್ಡ ಬಂಡೆ ಇದೆ. ಅದೂ ಹೊಳೆಯಲ್ಲೇ, ಹಾಗಾಗಿ ನೀರು ಇಳಿದ ಮೇಲೆ ನೋಡುವುದು ಒಳ್ಳೆಯದು.

ಸರಿ, ಜೀಪಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಹಳುವಳ್ಳಿ ದಾರಿ ಇನ್ನೂ ತೆರೆದಿದೆಯಂತೆ. ಕತ್ತಲಾಗುವ ಮೊದಲು ಹೊರನಾಡು ಸೇರಬೇಕು, ಹೊರಟೆವು.